ಸನ್ಮಾನದ ಎರಡನೆಯ ಕುರ್ಚಿ

ಪ್ರಸಿದ್ಧರ ಹೆಂಡತಿಯರ ಕಷ್ಟ ಲೋಕಕ್ಕೆಲ್ಲ ಗೊತ್ತಿದೆ. ಸಾಹಿತಿಯ ಹೆಂಡತಿ, ಸಂಗೀತಗಾರನ ಹೆಂಡತಿ, ಮಂತ್ರಿಯ ಹೆಂಡತಿ ಎಂದರೆ ಜನ ಮರುಗುತ್ತಾರೆ. 'ಪಾಪ, ಆಕೆ ಇದ್ದುದಕ್ಕೇ ಈತ ಇಷ್ಟು ದೊಡ್ಡವನಾದ' ಎಂದು ಒಂದು ಒಳ್ಳೆಯ ಮಾತಾದರೂ ಆಡುತ್ತಾರೆ. ಪ್ರಸಿದ್ಧ ಹೆಂಗಸಿನ ಗಂಡನಿಗಾಗಿ ಯಾರಾದರೂ ಮರುಗಿದ್ದನ್ನು ನಾನು ಈವರೆಗೆ ಕಂಡಿಲ್ಲ. ಅವನು ಬಾಗಿಲು ತೆರೆದರೆ ಬಂದವರು ಅವನ ಭುಜದ ಮೇಲಿಂದ ಒಳಗೆ ಇಣುಕಿ, "ಅಮ್ಮಾರು ಇಲ್ಲೇನ್ರಿ?" ಎನ್ನುತ್ತಾರೆ. ಇದ್ದಾರೆ ಎಂದರೆ ಅವನನ್ನು ದಾಟಿ ಒಳಗೆ ಹೋಗುತ್ತಾರೆ, ಇಲ್ಲ ಎಂದರೆ ಅವನನ್ನು ಅಲ್ಲಿಯೇ ಬಿಟ್ಟು ಹೊರಗೆ ಹೋಗುತ್ತಾರೆ. ಒಟ್ಟಿನಲ್ಲಿ ಅವನೊಂದು ಬಾಗಿಲು. ಇಂಥ ಗಂಡಂದಿರಲ್ಲಿಯೂ ನನ್ನ ಪರಿಸ್ಥಿತಿ ಇನ್ನೂ ಸ್ವಲ್ಪ ನಾಜೂಕಿನದು. ಏಕೆಂದರೆ ನಾನು ಮೂರನೆಯ ಗಂಡ, ಮೊದಲಿನ ಇಬ್ಬರೂ ಗಟ್ಟಿಮುಟ್ಟಾಗಿದ್ದಾರೆ, ಮತ್ತು ಇಬ್ಬರೂ ತಿಂಗಳಿಗೊಮ್ಮೆಯಾದರೂ ನಮ್ಮ ಮನೆಗೆ ಊಟಕ್ಕೆ ಬರುತ್ತಾರೆ.

ನನ್ನ ಹೆಂಡತಿ ಕಸ್ತೂರಿದೇವಿ. ನಮ್ಮ ಬಾಗಲಕೋಟೆಯ ಕಡೆ ಈ ಹೆಸರು ಕೇಳದವರು ಕಡಿಮೆ. 'ಅತ್ತಿ ಹಾಕಿದ ಚಿಲಕ', 'ತಾಳಿ ತೆಗೆದ ತಕರಾರು' ಮೊದಲಾದ ಆಕೆಯ ನಾಟಕಗಳನ್ನು ಕಂಪನಿಗಳು ಊರೂರಲ್ಲಿ ಡೇರೆ ಹಾಕಿ ಆಡಿವೆ, ಹಳ್ಳಿಯ ಹುಡುಗರು ಮೀಸೆ ಅಂಟಿಸಿಕೊಂಡು ಆಡಿದ್ದಾರೆ, ಈಗ ಕಾಲೇಜಿನವರು ಮೀಸೆ ಅಂಟಿಸಿಕೊಳ್ಳದೆಯೂ ಆಡುತ್ತಾರೆ. ಪತ್ರಿಕೆಯವರು ಆಕೆಯ ಬಗ್ಗೆ ಬರೆಯುವಾಗ 'ವರ್ಣರಂಜಿತ ಬದುಕು' ಎಂಬ ಮಾತನ್ನು ತಪ್ಪದೆ ಹಾಕುತ್ತಾರೆ. ಮೂರು ಮದುವೆಗಳನ್ನು ಸಭ್ಯವಾಗಿ ಹೇಳುವ ರೀತಿ ಅದು. ಒಮ್ಮೆ ಒಬ್ಬ ತರುಣ ಪತ್ರಕರ್ತ ನಮ್ಮ ಪಡಸಾಲೆಯಲ್ಲಿ ಕುಳಿತು, "ಅಮ್ಮಾವರ ವರ್ಣರಂಜಿತ ಬದುಕಿನ ಬಗ್ಗೆ ಒಂದೆರಡು ಮಾತು ಹೇಳಿ ಸರ್" ಎಂದು ನನ್ನನ್ನೇ ಕೇಳಿದ. ನಾನು ಒಳಗೆ ಇಣುಕಿ ನೋಡಿದೆ. ವರ್ಣರಂಜಿತ ಬದುಕು ಮಾಸಿದ ಇಳಕಲ್ಲ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಮುಳಗಾಯಿ ಹೆಚ್ಚುತ್ತಿತ್ತು. 

ನಾವಿರುವುದು ಇಳಕಲ್ಲಿನ ಮಗ್ಗದ ಓಣಿಯಲ್ಲಿ. ಬಾಜೂ ಮನೆಯ ಮಗ್ಗದ ಸದ್ದಿಗೂ ಆಕೆಯ ಬರವಣಿಗೆಗೂ ಅದೇನೋ ನಂಟು. ಮಗ್ಗ ಖಟಪಟ ಎನ್ನುತ್ತಿದ್ದರೆ ಸಂಭಾಷಣೆ ತಾನಾಗಿ ಬರುತ್ತದೆ. ಕರೆಂಟು ಹೋಗಿ ಮಗ್ಗ ನಿಂತಿತೋ, ನಮ್ಮ ಮನೆಯಲ್ಲಿ ನಾಟಕವೂ ನಿಲ್ಲುತ್ತದೆ. ನಾಯಕಿಯ ಕೈ ಹಿಡಿದ ಖಳನಾಯಕ ಕರೆಂಟು ಬರುವ ತನಕ ಹಿಡಿದುಕೊಂಡೇ ನಿಂತಿರುತ್ತಾನೆ. ಆಕೆ ಮೊದಲು ಬರೆಯುವುದಿಲ್ಲ, ಮೊದಲು ಒದರುತ್ತಾಳೆ. ರೊಟ್ಟಿ ಬಡಿಯುತ್ತ, ಬಟ್ಟೆ ಒಣಹಾಕುತ್ತ ಎಲ್ಲ ಪಾತ್ರಗಳ ಮಾತನ್ನೂ ಒದರಿ ನೋಡಿ, ಸರಿ ಎನಿಸಿದ ಮೇಲೆ ಹಾಳೆಗೆ ಇಳಿಸುತ್ತಾಳೆ. ಒಮ್ಮೆ ಆಕೆ, "ಇನ್ನೊಂದು ಹೆಜ್ಜಿ ಒಳಗ ಇಟ್ಟಿ ಅಂದ್ರ ಕಾಲ ಮುರದು ಕೈಯಾಗ ಕೊಡತೇನಿ!" ಎಂದು ಅಬ್ಬರಿಸುವ ಹೊತ್ತಿಗೂ ಹೊಸ ಹಾಲಿನವನು ಹೊಸ್ತಿಲಿನ ಮೇಲೆ ಕಾಲಿಡುವುದಕ್ಕೂ ಸರಿಹೋಯಿತು. ಅವನು ಮತ್ತೆ ನಮ್ಮ ಓಣಿಗೇ ಬರಲಿಲ್ಲ. ಓಣಿಯ ಹೆಂಗಸರಿಗೆ ನನ್ನ ಮೇಲೆ ಅಪಾರ ಕನಿಕರ. "ಬಾಯಿ ಜೋರು ಖರೆ ಸರ್, ಮನಸ್ಸು ಭಾಳ ಚಲೋ ಐತಿ ಆಕೀದು. ಸಂಭಾಳಿಸಿಕೊಂಡು ಹೋಗ್ರಿ" ಎಂದು ಸಮಾಧಾನ ಹೇಳುತ್ತಾರೆ. ಬೈಸಿಕೊಂಡಿದ್ದು ನಾನಲ್ಲ, ಎರಡನೇ ಅಂಕದ ಗೌಡ ಎಂದು ವಿವರಿಸುವುದನ್ನು ನಾನು ಬಿಟ್ಟುಬಿಟ್ಟಿದ್ದೇನೆ. ಕನಿಕರ ಯಾರಿಗೆ ಬೇಡ?

ಇನ್ನು ನನ್ನ ಹಿಂದಿನ ಇಬ್ಬರ ಪರಿಚಯ ಮಾಡಿಸಬೇಕು. ಮೊದಲನೆಯವರು ರಾಜಾಪಾರ್ಟು ವೀರಭದ್ರಪ್ಪ. ಕಂಪನಿಯಲ್ಲಿ ರಾಜ, ನಾಯಕ, ಪೊಲೀಸ್ ಇನ್‌ಸ್ಪೆಕ್ಟರ್ ಎಲ್ಲ ಅವರೇ. ಎತ್ತರದ ಆಳು, ಮೀಸೆ ಸ್ವಂತದ್ದು, ದನಿ ಡೇರೆಯ ಆಚೆ ನಿಂತ ಎತ್ತಿನ ಗಾಡಿಯವರಿಗೂ ಕೇಳುತ್ತಿತ್ತು. 'ತಾಳಿ ತೆಗೆದ ತಕರಾರು' ನಾಟಕದ ಮೂರನೇ ಅಂಕದಲ್ಲಿ ಅವರು ಗುಂಡೇಟು ತಿಂದು ಸಾಯಬೇಕು, ನಾಯಕಿಯ ಪಾತ್ರ ಮಾಡುತ್ತಿದ್ದ ಕಸ್ತೂರಿ ಅವರ ಎದೆಯ ಮೇಲೆ ಬಿದ್ದು ಅಳಬೇಕು. ವೀರಭದ್ರಪ್ಪ ಸಾಯುತ್ತಿದ್ದರು, ಜನ 'ಒನ್ಸ್ ಮೋರ್' ಎಂದು ಸಿಳ್ಳೆ ಹೊಡೆಯುತ್ತಿದ್ದರು, ಅವರು ಎದ್ದು ಧೂಳು ಕೊಡವಿಕೊಂಡು ಕೈಮುಗಿದು ಮತ್ತೆ ಸಾಯುತ್ತಿದ್ದರು. ಒಮ್ಮೆ ಗುಳೇದಗುಡ್ಡದ ಕ್ಯಾಂಪಿನಲ್ಲಿ ಅವರು ಎಷ್ಟು ಸಲ ಸತ್ತರೆಂದರೆ, ಎದ್ದು ಬಿದ್ದು ಅತ್ತು ಕಸ್ತೂರಿಯ ಮೊಣಕಾಲು ಬಾತುಕೊಂಡವು. ಪರದೆ ಬಿದ್ದ ಮೇಲೆ ಆಕೆ, "ನಾ ಬರದಂಗ ಸಾಯಲಾರದಂವ ನಾ ಹೇಳಿದಂಗ ಹೆಂಗ ಬಾಳ್ತಾನು?" ಎಂದು ಹೇಳಿ ತನ್ನ ಟ್ರಂಕು ಎತ್ತಿಕೊಂಡು ಹೊರಟಳಂತೆ. ಕಂಪನಿಗಳು ಮುಚ್ಚಿದ ಮೇಲೆ ವೀರಭದ್ರಪ್ಪ ಬಾದಾಮಿಯಲ್ಲಿ ಪ್ರವಾಸಿಗರಿಗೆ ಗುಹೆ ತೋರಿಸುವ ಕೆಲಸ ಹಿಡಿದರು. ಪುಲಕೇಶಿಯ ಕತೆಯನ್ನು ತಾವೇ ಪುಲಕೇಶಿ ಎಂಬಂತೆ ಹೇಳುತ್ತಾರೆ. ಅವರ ದನಿಗೆ ಅಲ್ಲಿಯ ಮಂಗಗಳು ಕೂಡ ಗೌರವದಿಂದ ದೂರ ಕೂರುತ್ತವೆ.

ಎರಡನೆಯವರು ಉಸ್ತಾದ ಹುಸೇನಸಾಬರು, ಕಂಪನಿಯ ಹಾರ್ಮೋನಿಯಂ ಮಾಸ್ತರರು, ಅಮೀನಗಡದವರು. ಇಷ್ಟು ಮೃದು ಮನುಷ್ಯನನ್ನು ನಾನು ಬೇರೆ ನೋಡಿಲ್ಲ. ನಮ್ಮ ಮನೆಗೆ ಬರುವಾಗ ಕರದಂಟು ತರದೆ ಬಂದವರಲ್ಲ. ಅವರ ದೋಷ ಒಂದೇ, ಎಲ್ಲದಕ್ಕೂ ಹಾಡು ಬೇಕು. ಸಾರಿಗೆ ಉಪ್ಪು ಕಡಿಮೆಯಾಗಿದ್ದನ್ನೂ ರಾಗವಾಗಿ ಹೇಳುತ್ತಿದ್ದರಂತೆ. ಅದನ್ನೆಲ್ಲ ಕಸ್ತೂರಿ ಸಹಿಸಿದಳು. ಆದರೆ ಒಂದು ನಾಟಕದಲ್ಲಿ, ಮಗಳನ್ನು ಕಳಿಸಿಕೊಟ್ಟ ತಾಯಿ ಬಾಗಿಲಲ್ಲಿ ಒಂದೂ ಮಾತಿಲ್ಲದೆ ನಿಲ್ಲುವ ದೃಶ್ಯವೊಂದಿತ್ತು. ಆಕೆ ತನ್ನ ತಾಯಿಯನ್ನು ನೆನೆದು ಬರೆದದ್ದು. ಮೊದಲ ಪ್ರಯೋಗದಲ್ಲೇ ಉಸ್ತಾದರು ಅಲ್ಲಿ ಹಾರ್ಮೋನಿಯಂ ತುಂಬಿದರು. "ನಾ ಸುಮ್ಮನಿದ್ದಲ್ಲೂ ಪೇಟಿ ಬಾರಿಸಿದ" ಎಂದು ಇವತ್ತಿಗೂ ಹೇಳುವಾಗ ಆಕೆಯ ಮುಖ ಸಣ್ಣದಾಗುತ್ತದೆ. ಉಸ್ತಾದರು ಎದುರಿಗಿದ್ದರೆ ತಲೆ ತಗ್ಗಿಸಿ ಒಪ್ಪಿಕೊಳ್ಳುತ್ತಾರೆ. "ತಪ್ಪು ನಂದ ಐತಿ ಕಸ್ತೂರಿ. ಆದ್ರ ಆ ಜಾಗಾದಾಗ ಭೈರವಿ ಭಾಳ ಛಂದ ಕುಂದ್ರತಿತ್ತು" ಎಂದು ಮೆಲ್ಲಗೆ ಸೇರಿಸುತ್ತಾರೆ.

ಇದೆಲ್ಲ ಹೇಳುವಾಗ ನಗು ಬರುತ್ತದೆ, ಆಕೆಯೂ ನಗುತ್ತಲೇ ಹೇಳುತ್ತಾಳೆ. ಬದುಕುವಾಗ ಅದು ಅಷ್ಟು ನಗುವ ವಿಷಯವಾಗಿರಲಿಲ್ಲ. ಸಂಜೆ ಡೇರೆಯಲ್ಲಿ ಆಕೆಯ ಮಾತಿಗೆ ಚಪ್ಪಾಳೆ ತಟ್ಟಿದ ಊರಿನವರೇ ಮರುದಿನ ಬಾಡಿಗೆಗೆ ಖೋಲಿ ಕೇಳಿದರೆ, "ಗಂಡ ಎಲ್ಲದಾನ? ಯಾವ ಗಂಡ?" ಎಂದು ಕೇಳಿ ಬಾಗಿಲು ಹಾಕಿಕೊಂಡಿದ್ದುಂಟು. ಆಕೆ ಬಿಟ್ಟು ಬಂದ ಗಂಡಸಿಗೆ ಯಾವ ಊರೂ ಈ ಪ್ರಶ್ನೆ ಕೇಳಲಿಲ್ಲ. ವೀರಭದ್ರಪ್ಪನವರಿಗೆ ಆ ಮೇಲೆ ಮದುವೆಯ ಸಂಬಂಧಗಳು ಹುಡುಕಿಕೊಂಡು ಬಂದವು. ಇದನ್ನು ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ.

ನಾನು ಹುನಗುಂದದ ಹೈಸ್ಕೂಲಿನಲ್ಲಿ ಭೂಗೋಳ ಕಲಿಸುತ್ತಿದ್ದೆ. ನನ್ನ ಮೊದಲ ಹೆಂಡತಿ ತೀರಿಕೊಂಡ ವರ್ಷ ಸಂಜೆಯ ಹೊತ್ತು ಮನೆಯಲ್ಲಿ ಕೂರಲಾಗದೆ, ಊರಿಗೆ ಬಂದಿದ್ದ ನಾಟಕದ ಡೇರೆಗೆ ಹೋಗತೊಡಗಿದೆ. ದಿನಾ ಅದೇ ನಾಟಕ, ದಿನಾ ಅದೇ ಮುಂದಿನ ಸಾಲು. ಒಂದು ದಿನ ಬಾಗಿಲು ಕಾಯುವವನು ಬಂದು, "ಕಸ್ತೂರಿ ಬಾಯಾರು ಕರೀತಾರ" ಎಂದ. ಒಳಗೆ ಬಣ್ಣ ಒರೆಸಿಕೊಳ್ಳುತ್ತಿದ್ದ ಕಸ್ತೂರಿ ತಿರುಗಿ ನೋಡಿ, "ದಿನಾ ತಪ್ಪ ಜಾಗಾದಾಗ ನಗಾವ್ರು ನೀವ ಏನು? ನಾಯಕ ಪ್ರತಿಜ್ಞಾ ಮಾಡೋ ಮುಂದ ಎಲ್ಲಾರೂ ಚಪ್ಪಾಳಿ ಹೊಡಿತಾರ, ನೀವೊಬ್ಬರ ನಗತೀರಿ" ಎಂದಳು.  "ಅಲ್ರಿ, ಉದಯಿಸೋ ಸೂರ್ಯನ ಸಾಕ್ಷಿ ಅಂತಾನ, ಸೂರ್ಯನ ಕಡೆ ಕೈ ಮಾಡತಾನ. ಆದ್ರ ಹಿಂದಿನ ದೃಶ್ಯದಾಗ ಆ ದಿಕ್ಕಿಗೇ ಸೂರ್ಯ ಮುಳುಗಿತ್ರಿ" ಎಂದೆ. ಆಕೆ ನನ್ನನ್ನೇ ನೋಡಿದಳು. ಆಮೇಲೆ ಅರ್ಧ ಬಣ್ಣದ ಮುಖದಲ್ಲಿ ನಕ್ಕಳಲ್ಲ, ಆ ನಗೆಗೆ ನಾನು ಇವತ್ತಿಗೂ ಮುಂದಿನ ಸಾಲಿನಲ್ಲಿ ಕೂರಲು ತಯಾರಿದ್ದೇನೆ. ಮರುದಿನ ಪರದೆಯ ಸೂರ್ಯ ಈ ಕಡೆಯಿಂದ ಆ ಕಡೆ ಹೋಯಿತು. ಅಂದಿನಿಂದ ಹೊಸ ನಾಟಕ ಬರೆದಾಗಲೆಲ್ಲ ನನಗೆ ಕರೆ ಬರುತ್ತಿತ್ತು. ನಾನು ಮಣೆಯ ಮೇಲೆ ಕುಳಿತು ಕೇಳಬೇಕು, ಎಲ್ಲಿ ನಗುತ್ತೇನೆ, ಎಲ್ಲಿ ಮೂಗು ಒರೆಸಿಕೊಳ್ಳುತ್ತೇನೆ ಎಂದು ಆಕೆ ನೋಡಬೇಕು. ಹೀಗೆ ಎಷ್ಟೋ ವರ್ಷ ಕೇಳುತ್ತಾ ಕೇಳುತ್ತಾ, ಇಬ್ಬರ ತಲೆಯೂ ಬೆಳ್ಳಗಾದ ಮೇಲೆ ನಮ್ಮ ಮದುವೆಯಾಯಿತು.

ಮದುವೆ ಇಳಕಲ್ಲಿನಲ್ಲಿಯೇ ಒಬ್ಬ ಸ್ವಾಮಿಗಳ ಎದುರು, ವಿಭೂತಿ ಹಚ್ಚಿಸಿಕೊಂಡು, ಓಣಿಯ ನಾಲ್ಕು ಜನರ ನಡುವೆ ನಡೆಯಿತು. ಒಬ್ಬ ಫೋಟೋದವನನ್ನು ಹೇಳಿದ್ದೆವು. ವೀರಭದ್ರಪ್ಪನವರು ಜರಿ ರುಮಾಲು ಸುತ್ತಿಕೊಂಡು ಬಂದಿದ್ದರು. ಫೋಟೋದವನು ಅವರ ಹಳೆಯ ಅಭಿಮಾನಿ. ಮೀಸೆಯ ಮೇಲೆ ಕೈಯಿಟ್ಟು ಒಂದು, ಕಂಬಕ್ಕೆ ಒರಗಿ ಒಂದು, ಉಸ್ತಾದರ ಹೆಗಲ ಮೇಲೆ ಕೈಹಾಕಿ ಒಂದು ಎಂದು ತೆಗೆಸಿಕೊಳ್ಳುತ್ತ ನಮ್ಮ ಸರದಿ ಬರುವಷ್ಟರಲ್ಲಿ ಅವನ ಕ್ಯಾಮೆರಾದ ಬ್ಯಾಟರಿ ಮುಗಿಯಿತು. ಹೀಗಾಗಿ ನಮ್ಮ ಮದುವೆಯ ಆಲ್ಬಮ್ಮಿನಲ್ಲಿ ವೀರಭದ್ರಪ್ಪ ಇದ್ದಾರೆ, ಉಸ್ತಾದರಿದ್ದಾರೆ, ವಧೂವರರು ಇಲ್ಲ. ಆಮೇಲೆ ಇಬ್ಬರೇ ಸ್ಟುಡಿಯೋಕ್ಕೆ ಹೋಗಿ ನಿಲ್ಲಲು ನಾಚಿಕೆ. ಮೊಬೈಲಿನಲ್ಲಿ ಸೆಲ್ಫಿ ತೆಗೆಯಲು ಹೋದರೆ ನನ್ನ ಹಣೆ ಮತ್ತು ಛಾವಣಿಯ ಫ್ಯಾನು ಬರುತ್ತವೆ. ಕಸ್ತೂರಿಯ ಜೊತೆ ನನ್ನದೊಂದು ಫೋಟೋ ಇಲ್ಲ ಎಂಬುದು ನನ್ನೊಳಗೆ ಒಂದು ಸಣ್ಣ ಮುಳ್ಳಾಗಿ ಕುಳಿತಿತ್ತು.

ಇಂಥ ಹೊತ್ತಿನಲ್ಲಿ ಬಾಗಲಕೋಟೆಯ ಒಂದು ರಂಗಸಂಘದವರು ಕಸ್ತೂರಿಗೆ ದೊಡ್ಡ ಸನ್ಮಾನ ಇಟ್ಟುಕೊಂಡರು. ನಮ್ಮ ಕಡೆಯ ಸನ್ಮಾನದ ಪದ್ಧತಿ ನಿಮಗೆ ಗೊತ್ತೇ ಇದೆ. ಯಾರನ್ನೇ ಸನ್ಮಾನಿಸಲಿ, ದಂಪತಿ ಸಮೇತ ಸನ್ಮಾನಿಸಬೇಕು. ವೇದಿಕೆಯ ನಡುವೆ ಎರಡು ಕುರ್ಚಿ. ಆಕೆಗೆ ಸೀರೆ, ಖಣ. ಆತನಿಗೆ ಶಾಲು, ರುಮಾಲು. ಇಬ್ಬರ ನಡುವೆ ಒಂದು ಹಣ್ಣಿನ ಬುಟ್ಟಿ. ಕಡೆಗೆ ಇಬ್ಬರ ಕೊರಳಿಗೂ ಸೇರಿಸಿ ನಾಲ್ಕು ಜನ ಎತ್ತಿ ಹಾಕುವ ಒಂದೇ ಒಂದು ದೊಡ್ಡ ಹಾರ. ಅದರೊಳಗೆ ಹಿಡಿಸಬೇಕೆಂದರೆ ಗಂಡ ಹೆಂಡತಿ ಒತ್ತಿಕೊಂಡೇ ನಿಲ್ಲಬೇಕು. ಫೋಟೋದವರು "ಇನ್ನೂ ಸರೀರಿ, ಇನ್ನೂ ಹತ್ರ" ಎನ್ನುತ್ತಾರೆ. ಎಷ್ಟೋ ಹಿರಿಯ ದಂಪತಿಗಳು ಜೀವಮಾನದಲ್ಲಿ ಮೊದಲ ಸಲ ಹತ್ತಿರ ನಿಂತಿದ್ದನ್ನು ನಾನು ಇಂಥ ಹಾರಗಳ ಒಳಗೇ ಕಂಡಿದ್ದೇನೆ. ನನಗೆ ಸೀರೆ ಶಾಲು ಯಾವುದೂ ಕಾಣಲಿಲ್ಲ. ಆ ಹಾರವೊಂದೇ ಕಣ್ಣ ಮುಂದೆ ಬಂದು ನಿಂತಿತು.

ಸಂಘದ ಕಾರ್ಯದರ್ಶಿ ಆಮಂತ್ರಣ ಕೊಡಲು ಬಂದ ದಿನ ನಮ್ಮ ದುರ್ದೈವಕ್ಕೆ ಮೂವರೂ ಪಡಸಾಲೆಯಲ್ಲಿದ್ದೆವು. ಸುದ್ದಿ ಕೇಳಿ ವೀರಭದ್ರಪ್ಪ ಬಾದಾಮಿಯಿಂದ ಬಂದು ನನ್ನ ಟವೆಲ್ಲಿನಿಂದ ಮುಖ ಒರೆಸಿಕೊಳ್ಳುತ್ತಿದ್ದರು, ಉಸ್ತಾದರು ಕರದಂಟಿನ ಪೊಟ್ಟಣ ಬಿಚ್ಚುತ್ತಿದ್ದರು. ಕಾರ್ಯದರ್ಶಿ ಕಾಲೇಜಿನ ಹುಡುಗ, ಹೊಸಬ. ಕೈಮುಗಿದು, "ದಂಪತಿ ಸಮೇತ ಸನ್ಮಾನ ಮಾಡೋದು ನಮ್ಮ ಪದ್ಧತಿರಿ. ಅಮ್ಮಾರ ಯಜಮಾನ್ರು ಯಾರ್ರಿ?" ಎಂದ.

ವೀರಭದ್ರಪ್ಪ ಎದ್ದು ನಿಂತರು. ಅವರಿಗೆ ಯಾರಾದರೂ ಪ್ರವೇಶ ಕೊಟ್ಟರೆ ಎದ್ದು ನಿಲ್ಲುವುದು ರೂಢಿ. ಅವರು ನಿಂತರಲ್ಲ ಎಂದು ಉಸ್ತಾದರು ಸೌಜನ್ಯಕ್ಕೆ ಎದ್ದರು. ಇಬ್ಬರೂ ಎದ್ದ ಮೇಲೆ ನಾನು ಕುಳಿತಿರುವುದು ಹೇಗೆ? ನಾನೂ ಎದ್ದೆ. ಆ ಹುಡುಗ ಮೂವರನ್ನೂ ನೋಡಿ ಕೈಮುಗಿದದ್ದನ್ನು ಬಿಡಲೇ ಇಲ್ಲ.

"ಮೊದಲ ತಾಳಿ ಕಟ್ಟಿದಂವ ನಾ" ಎಂದರು ವೀರಭದ್ರಪ್ಪ, ಓಣಿಗೆಲ್ಲ ಕೇಳುವಂತೆ.

"ಹಾಡು ಕಲಿಸಿದಂವ ನಾನ್ರಿ. ಆದ್ರ ನಾ ಏನೂ ಕೇಳಂಗಿಲ್ಲ" ಎಂದರು ಉಸ್ತಾದರು.

ನಾನು ಏನಾದರೂ ಹೇಳಬೇಕಿತ್ತು. ಕಾನೂನು, ಸ್ವಾಮಿಗಳ ಆಶೀರ್ವಾದ, ಓಣಿಯ ನಾಲ್ಕು ಜನ ಎಲ್ಲ ನನ್ನ ಕಡೆಗಿದ್ದರು. ಆದರೆ ನನ್ನ ಬಾಯಿಂದ, "ಚಹಾ ತಗೋತೀರೇನ್ರಿ?" ಎಂಬ ಮಾತು ಬಂತು. ಅಷ್ಟರಲ್ಲಿ ಕಸ್ತೂರಿಯೇ ಚಹಾದ ಕಪ್ಪುಗಳನ್ನು ಹಿಡಿದು ಹೊರಗೆ ಬಂದಳು. ನಿಂತಿದ್ದ ಮೂವರನ್ನೂ ಒಮ್ಮೆ ನೋಡಿ ಹುಡುಗನಿಗೆ ಹೇಳಿದಳು: "ತಮ್ಮಾ, ಎರಡನೇ ಕುರ್ಚಿ ಬ್ಯಾಡ. ಒಂದ ಇಡ್ರಿ." ಅವನನ್ನು ಬಾಗಿಲ ತನಕ ಕಳಿಸಲು ಹೋಗಿ ಅಲ್ಲಿ ಇನ್ನೂ ಏನೋ ಪಿಸುಗುಟ್ಟಿದಳು. ನನಗೆ ಅದನ್ನು ಕೇಳಿಸಿಕೊಳ್ಳುವ ಮನಸ್ಸಿರಲಿಲ್ಲ. ಮಗ್ಗದ ಸದ್ದು ಆವತ್ತು ಭಾಳ ಜೋರಾಗಿತ್ತು.

ಒಂದೇ ಕುರ್ಚಿ. ಯೋಚಿಸಿದರೆ ನ್ಯಾಯವೇ. ನಾಟಕ ಬರೆದವಳು ಆಕೆ. ಗಂಡಂದಿರ ಜಗಳ ಬೇಡ ಎಂದು ಮೂವರನ್ನೂ ಕೈಬಿಟ್ಟಳು. ಆದರೆ ನನಗೆ ನೋವಾಯಿತು, ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಉಳಿದಿಬ್ಬರು ಹಳೆಯ ಗಂಡಂದಿರು, ನಾನು ಚಾಲ್ತಿಯಲ್ಲಿರುವವನು. ನಮ್ಮ ಮೂವರನ್ನೂ ಒಂದೇ ಸಾಲಿನಲ್ಲಿ ಕೂರಿಸಿಬಿಟ್ಟಳಲ್ಲ ಎಂದು ಒಳಗೊಳಗೇ ಬೆಂದೆ. ಆಕೆಯ ಮುಂದೆ ಮಾತ್ರ, "ಚಲೋ ಮಾಡಿದಿ, ಒಂದ ಇದ್ರ ಶೋಭಾ" ಎಂದು ಹೊಗಳಿದೆ. ಆದರೂ ಆಸೆ ಎಂಬುದು ನೋಡಿ, ಕೊನೇ ಗಳಿಗೆಯಲ್ಲಿ ಏನಾದರೂ ಬದಲಾದರೆ ಇರಲಿ ಎಂದು ಹೊಸ ನೆಹರೂ ಅಂಗಿ ಹೊಲಿಸಿದೆ, ಜರಿ ಅಂಚಿನ ಧೋತರ ಕೊಂಡೆ. ದರ್ಜಿ, "ಯಾರದ ಲಗ್ನಾರಿ ಸರ್?" ಎಂದು ಕೇಳಿದ. ಆಕೆ ಸಂತೆಗೆ ಹೋದಾಗ ಕನ್ನಡಿಯ ಮುಂದೆ ಕುರ್ಚಿ ಹಾಕಿಕೊಂಡು, ಹಾರದೊಳಗೆ ಹಿಡಿಸುವಂತೆ ಭುಜ ಕಿರಿದು ಮಾಡಿ ಕೂರುವುದನ್ನೂ ರೂಢಿ ಮಾಡಿಕೊಂಡೆ.

ಸನ್ಮಾನದ ದಿನ ಮಧ್ಯಾಹ್ನ ಬಾಡಿಗೆ ಗಾಡಿಯಲ್ಲಿ ಹೊರಟೆವು. ಕಸ್ತೂರಿ ಕಪ್ಪು ಇಳಕಲ್ಲ ಸೀರೆಯುಟ್ಟು ಖಣದ ಕುಪ್ಪಸ ತೊಟ್ಟಿದ್ದಳು, ಕೆಂಪು ಸೆರಗನ್ನು ತಲೆಯ ಮೇಲೆ ಹೊದ್ದಿದ್ದಳು. ಹುನಗುಂದ ದಾಟುವಾಗ ಆ ಡೇರೆಯ ಜಾಗದಲ್ಲಿ ಈಗ ಎದ್ದಿರುವ ಅಂಗಡಿಗಳನ್ನು ತೋರಿಸಿ, "ಅಲ್ಲೇ ನೋಡ್ರಿ ಮಾಸ್ತರ, ನೀವು ನಕ್ಕಿದ್ದು" ಎಂದಳು. ಬೇರೆ ದಿನವಾಗಿದ್ದರೆ ನಾನು ಕರಗುತ್ತಿದ್ದೆ. ಆವತ್ತು ಮುಖ ಬಿಗಿದುಕೊಂಡು, ರಾಮಥಾಳದ ಏತ ನೀರಾವರಿಯ ನೀರು ಯಾವ ಕಡೆ ಏರುತ್ತದೆ ಎಂದು ಡ್ರೈವರನಿಗೆ ಭೂಗೋಳ ಹೇಳುತ್ತ ಕುಳಿತೆ. ಅವನೇನೂ ನನ್ನನ್ನು ಕೇಳಿರಲಿಲ್ಲ. ಅಮೀನಗಡದಲ್ಲಿ ಉಸ್ತಾದರು ಕರದಂಟಿನೊಂದಿಗೆ ಹತ್ತಿದರು. ಬಾಗಲಕೋಟೆ ಮುಟ್ಟುವಷ್ಟರಲ್ಲಿ ವೀರಭದ್ರಪ್ಪ ಆಗಲೇ ಬಾದಾಮಿಯಿಂದ ಬಂದು, ಸಭಾಭವನದ ಬಾಗಿಲಲ್ಲಿ ತಮಗೇ ಸನ್ಮಾನ ಎಂಬಂತೆ ಬಂದವರನ್ನೆಲ್ಲ ಬರಮಾಡಿಕೊಳ್ಳುತ್ತಿದ್ದರು.

ಕಾರ್ಯದರ್ಶಿ ಹುಡುಗ ನನ್ನ ಕೈ ಹಿಡಿದು ಕರೆದೊಯ್ದು ಮುಂದಿನ ಸಾಲಿನ ನಟ್ಟನಡುವಿನ ಕುರ್ಚಿಯಲ್ಲಿ ಕೂರಿಸಿ, "ಇಲ್ಲಿಂದ ಏಳಬ್ಯಾಡ್ರಿ ಸರ್" ಎಂದು ಎರಡೆರಡು ಸಲ ಹೇಳಿ ಹೋದ. ಪಾಪ, ಕನಿಕರ ಎಂದುಕೊಂಡೆ. ಬಾಜೂಕ್ಕೆ ಉಸ್ತಾದರು ಕುಳಿತರು. ವೀರಭದ್ರಪ್ಪನವರಿಗೆ ಎರಡನೇ ಸಾಲು ಸಿಕ್ಕಿತು. ಎರಡನೇ ಸಾಲಿನಲ್ಲಿ ಕೂತು ಗೊತ್ತಿಲ್ಲದ ಅವರು ನನ್ನ ಬೆನ್ನ ಹಿಂದೆ ಪುಲಕೇಶಿಯಂತೆ ಉಸಿರು ಬಿಡುತ್ತಿದ್ದರು. ಪರದೆ ಸರಿಯಿತು. ವೇದಿಕೆಯ ನಡುವೆ, ಅಷ್ಟು ದೊಡ್ಡ ವೇದಿಕೆಯ ನಡುವೆ, ಒಂದೇ ಕುರ್ಚಿ. ಸೀರೆ ಬಂತು, ಶಾಲು ಬಂತು, ಹಣ್ಣಿನ ಬುಟ್ಟಿ ಬಂತು. ಆಮೇಲೆ ಹಾರ ಬಂತು. ರೂಢಿಯಂತೆ ಇಬ್ಬರಿಗೆ ಹಿಡಿಸುವ ಹಾರವನ್ನೇ ಮಾಡಿಸಿದ್ದರು. ಒಬ್ಬಳ ಕೊರಳಿಗೆ ಹಾಕಿದಾಗ ಅದು ಒಂದು ಕಡೆಗೆ ಜೋತುಬಿದ್ದು ನೆಲ ಮುಟ್ಟಿತು. ಆ ಖಾಲಿ ಜಾಗ ನನ್ನದು ಎಂದು ನನಗೆ ಅನಿಸಿತು.  ಉಸ್ತಾದರಿಗೆ, "ಬಂದೆ" ಎಂದು ಹೇಳಿ ಎದ್ದು ಹೊರಗೆ ನಡೆದೆ.

ಸಭಾಭವನದ ಎದುರಿಗೇ ಒಂದು ಮಿರ್ಚಿ ಭಜಿಯ ಗಾಡಿ ಇತ್ತು. ಮನಸ್ಸಿಗೆ ನೋವಾದಾಗ ನಮ್ಮ ಕಡೆಯವರು ಏನು ತಿನ್ನುತ್ತಾರೆಂದು ಯಾರೂ ಬರೆದಿಟ್ಟಿಲ್ಲ, ಆದರೆ ನನ್ನ ಮಟ್ಟಿಗೆ ಅದು ಮಿರ್ಚಿಯೇ. ಕಾಗದದಲ್ಲಿ ಕಟ್ಟಿಸಿಕೊಂಡು ಬಾಗಿಲ ಕಡೆಗೆ ಬೆನ್ನು ಮಾಡಿ ನಿಂತೆ. ಮೊದಲನೆಯದನ್ನು ಕಚ್ಚುತ್ತಿದ್ದೆ, ಕಂಬಕ್ಕೆ ಕಟ್ಟಿದ ಧ್ವನಿವರ್ಧಕದಲ್ಲಿ ಕಸ್ತೂರಿಯ ದನಿ ಬಂತು.

"ನನ್ನ ಬಾಳುವಿ ಬಗ್ಗೆ ಮಂದಿ ಭಾಳ ಮಾತಾಡ್ಯಾರ. ಖರೇನ ಐತಿ, ಮೂರು ಗಂಡಸರು. ಒಬ್ಬಾತ ನನ್ನ ಮಾತು ಆಡಿದ, ಒಬ್ಬಾತ ಅದಕ್ಕ ರಾಗ ಹಚ್ಚಿದ. ಇಬ್ಬರೂ ದೊಡ್ಡ ಕಲಾವಿದರು, ಇಬ್ಬರ ಋಣಾನೂ ನನ್ನ ಮ್ಯಾಲೈತಿ. ಆದ್ರ ಇಬ್ಬರೂ ನನ್ನ ಜೋಡಿ ಸ್ಟೇಜ್ ಮ್ಯಾಲೆ ಇದ್ರು. ಬಾಜೂಕ ನಿಂತಾಂವಗ ನನ್ನ ಕಿವಿ ಅಷ್ಟ ಕಾಣತೈತಿ, ಮುಖ ಕಾಣಂಗಿಲ್ಲ. ಮೂರನೇದವರು ಕೆಳಗ ಕುಂತ್ರು. ಕುಂತು ನಾ ಹೇಳಿದ್ದು ಕೇಳಿದ್ರು. ಎಲ್ಲಾರೂ ಚಪ್ಪಾಳಿ ಹೊಡಿಯೋ ಮುಂದ ಅವರೊಬ್ಬರ ನಕ್ರು. ಇವತ್ತಿಗೂ ನಾ ಒಂದು ಮಾತ ಬರದ್ರ ಮೊದಲ ಅವರ ಮುಖ ನೋಡತೇನಿ. ಅದಕ್ಕ ನಾ ಎರಡನೇ ಕುರ್ಚಿ ಬ್ಯಾಡ ಅಂದೆ. ಅವರ ಕುರ್ಚಿ ಇಲ್ಲಿ ಅಲ್ಲ. ಅಗಾ ಅಲ್ಲಿ, ಮುಂದಿನ ಸಾಲಿನ ನಡುವ. ಅದು ನಾ ಮುದ್ದಾಂ ಹೇಳಿ ಇಡಿಸಿದ ಕುರ್ಚಿ. ಸನ್ಮಾನ ಮಾಡೂದಿದ್ರ ಆ ಕುರ್ಚಿಗೆ ಮಾಡ್ರಿ."

ಮಿರ್ಚಿ ನನ್ನ ಬಾಯಲ್ಲೇ ನಿಂತಿತು. ಒಳಗೆ ಚಪ್ಪಾಳೆ ಮಳೆಯಾಯಿತು. ನಾನು ಧೋತರ ಎತ್ತಿ ಹಿಡಿದು ಓಡಿದೆ. ಬಾಗಿಲು ತಲುಪಿ ಒಳಗೆ ನೋಡಿದರೆ ಸಭೆಗೆ ಸಭೆಯೇ ಎದ್ದು ನಿಂತು ನನ್ನ ಕುರ್ಚಿಯ ಕಡೆ ತಿರುಗಿ ಚಪ್ಪಾಳೆ ತಟ್ಟುತ್ತಿತ್ತು. ನನ್ನ ಕುರ್ಚಿಯ ಎದುರು ಎದ್ದು ನಿಂತು, ಎದೆಯ ಮೇಲೆ ಕೈಯಿಟ್ಟು, ಎಡಕ್ಕೆ ಬಲಕ್ಕೆ ಬಾಗಿ ಕೈಮುಗಿಯುತ್ತಿದ್ದವರು ರಾಜಾಪಾರ್ಟು ವೀರಭದ್ರಪ್ಪನವರು. ನಾನು ಎದ್ದ ಮರುಕ್ಷಣವೇ ಎರಡನೇ ಸಾಲಿನಿಂದ ಮುಂದೆ ಬಂದು ಕುಳಿತಿದ್ದರಂತೆ. ಹಿಂದಿನಿಂದ ಯಾರೋ ಹಳೆಯ ಅಭಿಮಾನಿ "ಒನ್ಸ್ ಮೋರ್!" ಎಂದ. ಅವರು ಮತ್ತೊಮ್ಮೆ ಬಾಗಿದರು. ಉಸ್ತಾದರು ಅವರ ಅಂಗಿ ಹಿಡಿದು ಜಗ್ಗುತ್ತಿದ್ದರು. ಮೇಲಿದ್ದ ಕಸ್ತೂರಿಗೆ ಕಣ್ಣಿಗೆ ಹೊಡೆಯುವ ದೀಪಗಳ ಬೆಳಕಿನಲ್ಲಿ ಕೆಳಗಿನ ಕತ್ತಲಲ್ಲಿ ಏನೂ ಕಾಣುವುದಿಲ್ಲ, ವೇದಿಕೆಯ ಮೇಲೆ ಆಕೆ ಕನ್ನಡಕವನ್ನೂ ಹಾಕುವುದಿಲ್ಲ. ಆಕೆ ಆ ಕುರ್ಚಿಯ ಕಡೆಗೇ ನೋಡುತ್ತ ಸೆರಗಿನಿಂದ ಕಣ್ಣು ಒರೆಸಿಕೊಂಡಳು.

ಮರಳಿ ಬರುವಾಗ ಗಾಡಿಯಲ್ಲಿ, "ನಾ ಹಂಗ ಅಂದಾಗ ಏನನಿಸ್ತು ಮಾಸ್ತರ?" ಎಂದು ಮೆಲ್ಲಗೆ ಕೇಳಿದಳು. ನಾನು, "ಕಣ್ಣಾಗ ನೀರು ಬಂತು" ಎಂದೆ. ಅದು ಅಕ್ಷರಶಃ ಸತ್ಯ. ಅದರಲ್ಲಿ ಮಿರ್ಚಿಯ ಪಾಲೆಷ್ಟು ಎಂದು ಆಕೆ ಕೇಳಲಿಲ್ಲ, ನಾನೂ ಹೇಳಲಿಲ್ಲ. ಮುಂದೆ ಕುಳಿತಿದ್ದ ಉಸ್ತಾದರು ಕೆಮ್ಮಿ, ಯಾರಿಗೂ ಬೇಡವಾದ ಒಂದು ರಾಗವನ್ನು ಗುನುಗತೊಡಗಿದರು. ಬದುಕಿನಲ್ಲಿ ಒಮ್ಮೆಯಾದರೂ ಸರಿಯಾದ ಜಾಗದಲ್ಲಿ ಸಂಗೀತ ತುಂಬಿದರು.

ಮರುದಿನ ಪತ್ರಿಕೆ ಬಂತು. ಅದರಲ್ಲಿ ದೊಡ್ಡ ಫೋಟೋ. ವೇದಿಕೆಯ ಒಂದು ಬದಿಯಿಂದ ತೆಗೆದದ್ದು. ಈ ಕಡೆ ಮೈಕಿನ ಮುಂದೆ ಹಾರದೊಳಗೆ ಕಸ್ತೂರಿ, ಕೆಳಗೆ ಮುಂದಿನ ಸಾಲಿನಲ್ಲಿ ಕೈಮುಗಿದು ನಿಂತ ವೀರಭದ್ರಪ್ಪ. ಅಡಿಯಲ್ಲಿ, 'ಪತ್ನಿಯ ಮಾತಿಗೆ ಭಾವುಕರಾಗಿ ಎದ್ದು ನಿಂತ ಪತಿ' ಎಂದಿತ್ತು. ಪತ್ರಿಕೆಯನ್ನು ಎಲ್ಲಾದರೂ ಅಡಗಿಸೋಣ ಎಂದು ನಾನು ಏಳುವಷ್ಟರಲ್ಲಿ ಕಸ್ತೂರಿ ಕನ್ನಡಕ ಹಾಕಿಕೊಂಡು ಅದನ್ನು ಕೈಗೆತ್ತಿಕೊಂಡಿದ್ದಳು. ಬಹಳ ಹೊತ್ತು ನೋಡಿದಳು. ಮಗ್ಗ ಇನ್ನೂ ಶುರುವಾಗಿರಲಿಲ್ಲ.

"ಮಾಸ್ತರ, ಹಿಂದ ಬಾಗಿಲದಾಗ ಒಬ್ಬಾಂವ ನಿಂತಾನಲ್ಲ, ಯಾರಂವ?"

ನಾನು ಇಣುಕಿದೆ. ಫೋಟೋದ ತುದಿಯಲ್ಲಿ, ತೆರೆದ ಬಾಗಿಲ ಬೆಳಕಿನಲ್ಲಿ, ಒಂದು ಕೈಯಲ್ಲಿ ಧೋತರ ಎತ್ತಿ ಹಿಡಿದು ಬಾಯಿ ತೆರೆದು ನಿಂತ ಒಂದು ಆಕೃತಿ ಇತ್ತು. ಹೊಸ ನೆಹರೂ ಅಂಗಿ ಚೆನ್ನಾಗಿಯೇ ಕಾಣುತ್ತಿತ್ತು.

"ಇನ್ನೊಂದು ಕೈಯಾಗೇನೈತಿ?"

"ಮಿರ್ಚಿ" ಎಂದೆ.

ಆಕೆ ಮೊದಲು ನಗಲಿಲ್ಲ. "ಅಂದ್ರ ನಾ ಅಂದಿದ್ದು ನೀವು ಕೇಳಲಿಲ್ಲ?" ಎಂದಳು. ಆ ದನಿಯಲ್ಲಿದ್ದ ಹೆದರಿಕೆಯನ್ನು ನಾನು ಆವರೆಗೆ ಕೇಳಿರಲಿಲ್ಲ. ಊರೂರಿನ ಬಾಗಿಲುಗಳ ಮುಂದೆ ಹೆದರದವಳು.

"ಕೇಳಿದೆ. ಪೂರಾ ಕೇಳಿದೆ. ಹೊರಗ ನಿಂತು ಕೇಳಿದೆ."

"ಹೊರಗ ಯಾಕ ಹೋದ್ರಿ?"

ಹೇಳಿದೆ. ಎರಡನೇ ಕುರ್ಚಿ, ಹಾರ, ಭುಜ ಕಿರಿದು ಮಾಡಿ ಕೂತದ್ದು, ನಮ್ಮಿಬ್ಬರದೊಂದು ಫೋಟೋ ಇಲ್ಲದ್ದು, ಎಲ್ಲವನ್ನೂ ಹೇಳಿದೆ. ಹೇಳುತ್ತ ಹೇಳುತ್ತ ನನ್ನ ಅಳಲು ಎಷ್ಟು ಸಣ್ಣದೆಂದು ನನಗೇ ನಾಚಿಕೆಯಾಯಿತು. "ಮೊದಲ ಒಂದ ಮಾತು ಹೇಳಿದ್ರ ನಾ ಏಳತಿದ್ನೇನು?" ಎಂದೆ ಕಡೆಗೆ.

"ನಾ ನಾಟಕ ಬರಿಯಾಕಿ ಮಾಸ್ತರ. ಕೊನೀ ದೃಶ್ಯ ಮೊದಲ ಹೇಳತಾರೇನು?" ಎಂದಳು. ಆಮೇಲೆ ಮತ್ತೊಮ್ಮೆ ಆ ಫೋಟೋ ನೋಡಿ ನಕ್ಕಳು. ಸೆರಗು ಬಾಯಿಗೆ ಒತ್ತಿಕೊಂಡು, ಕಣ್ಣಲ್ಲಿ ನೀರು ಬರುವ ತನಕ, ಅರ್ಧ ಬಣ್ಣದ ಮುಖದಲ್ಲಿ ಅಂದು ನಕ್ಕಂತೆಯೇ ನಕ್ಕಳು. ನನಗೂ ತಡೆಯಲಾಗಲಿಲ್ಲ. ಅಷ್ಟರಲ್ಲಿ ಬಾದಾಮಿಯಿಂದ ಫೋನು ಬಂತು. ವೀರಭದ್ರಪ್ಪನವರಿಗೆ ಆ ಪತ್ರಿಕೆಯ ಇನ್ನಷ್ಟು ಪ್ರತಿಗಳು ಬೇಕಾಗಿದ್ದವು.

ಆ ಫೋಟೋವನ್ನು ಕಸ್ತೂರಿ ಪತ್ರಿಕೆಯಿಂದ ಕತ್ತರಿಸಿ, ಕಟ್ಟು ಹಾಕಿಸಿ ಪಡಸಾಲೆಯಲ್ಲಿ ತೂಗುಹಾಕಿದ್ದಾಳೆ. ನಾನು ಬೇಡವೆಂದೆ. "ಇಬ್ಬರೂ ಒಂದ ಚೌಕಟ್ಟಿನ್ಯಾಗ ಇರೋದು ಇದೊಂದ. ಇದ ನಮ್ಮ ಲಗ್ನದ ಫೋಟೋ" ಎಂದಳು. ಅಡಿಯ ಬರಹವನ್ನೂ ಕತ್ತರಿಸಲಿಲ್ಲ. ವೀರಭದ್ರಪ್ಪ ಬಂದಾಗಲೆಲ್ಲ ಅದರ ಮುಂದೆ ನಿಂತು ಮೀಸೆ ತಿರುವಿ, ಆಮೇಲೆ ನನ್ನ ಟವೆಲ್ಲಿನಿಂದ ಮುಖ ಒರೆಸಿಕೊಳ್ಳುತ್ತಾರೆ.

ಮೊನ್ನೆ ಕಾಲೇಜಿನ ಕೆಲವು ಹುಡುಗಿಯರು ಆಕೆಯನ್ನು ಕಾಣಲು ಬಂದಿದ್ದರು. ಬಾಗಿಲು ತೆರೆದ ನನ್ನನ್ನು ದಾಟಿ ಒಳಗೆ ಹೋಗಿ, ಗೋಡೆಯ ಫೋಟೋ ನೋಡಿ, "ಅಮ್ಮಾರ, ನಿಮ್ಮ ಯಜಮಾನ್ರು ಎಷ್ಟು ಛಂದ ಅದಾರ್ರಿ!" ಎಂದರು. ಒಬ್ಬಳು ಮಾತ್ರ ಹತ್ತಿರ ಹೋಗಿ ಕಣ್ಣು ಕಿರಿದು ಮಾಡಿ, "ಇಲ್ಲಿ ಬಾಗಿಲದಾಗ ಒಬ್ಬರು ಏನೋ ತಿನಕೋತ ನಿಂತಾರಲ್ರಿ, ಯಾರ್ರಿ ಅವರು?" ಎಂದು ಕೇಳಿದಳು. ಕಸ್ತೂರಿ ಕನ್ನಡಕದ ಮೇಲಿಂದ ನನ್ನ ಮುಖವನ್ನೇ ನೋಡುತ್ತ ಕಾದಳು.

ನಾನು ಚಹಾದ ತಟ್ಟೆಯನ್ನು ಅವರ ಮುಂದಿಟ್ಟು ಹೇಳಿದೆ: "ಯಾರೋ ಪ್ರೇಕ್ಷಕರು ಇರಬೇಕವ್ವಾ. ನಾಟಕ ನೋಡಾಕ ಬಂದಾರ."